ಹಕ್ಕಿಯನ್ನು ಕೊನೆಗೆ ನೋಡಿ: ಕೈಬಣ್ಣದ ಹಳೆಯ ಎಂಗ್ರೇವಿಂಗ್ ಗುರುತಿಸುವುದು, ಉಳಿಸಿಕೊಳ್ಳುವುದು ಹೇಗೆ?

ಕಡಲ ದಂಡೆಯ ಹಕ್ಕಿಗಳ ಹಳೆಯ ಚಿತ್ರ ಕೈಗೆ ಬಂದರೆ ಕಣ್ಣು ಮೊದಲು ಹೋಗುವುದು ಹಕ್ಕಿಯ ಮೇಲೆ. ಉದ್ದ ಕಾಲು, ಬಾಗಿದ ಕೊಕ್ಕು, ಕಂದು ಗರಿಯ ಮೇಲೆ ಇನ್ನೊಂದು ಕಂದಿನ ಗೆರೆ. ಸಹಜವೇ. ಆದರೆ ನೀವು ಅಂಥ ಚಿತ್ರ ಕೊಳ್ಳಲು ಹೊರಟಿದ್ದರೆ, ಅಥವಾ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಒಂದು ಹಾಳೆ ಸಿಕ್ಕಿದ್ದರೆ, ಹಕ್ಕಿಯನ್ನು ಕೊನೆಗೆ ನೋಡಿ. ಮೊದಲು ಹಾಳೆ ನೋಡಿ. ಅದರಲ್ಲಿ ನಾಲ್ಕೈದು ಜನರ ಕೈಕೆಲಸ ಇರುತ್ತದೆ. ಒಬ್ಬೊಬ್ಬರ ಗುರುತೂ ಅಲ್ಲೇ ಉಳಿದಿರುತ್ತದೆ. ಅದನ್ನು ಹುಡುಕಲು ಬೇಕಾಗುವುದು ಒಂದು ಭೂತಕನ್ನಡಿ, ಒಂದು ಟಾರ್ಚು, ಅರ್ಧ ಗಂಟೆ ಸಮಯ. ಅಷ್ಟೇ.

ಈ ಚಿತ್ರಗಳನ್ನು ಮಾಡುತ್ತಿದ್ದ ಬಗೆ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ.

ತಾಮ್ರದ ತಗಡನ್ನು ಕನ್ನಡಿಯ ಹಾಗೆ ಉಜ್ಜುತ್ತಿದ್ದರು. ಅದರ ಮೇಲೆ ಚೂಪಾದ ಉಳಿಯಿಂದ ಗೆರೆ ಕೊರೆಯುವುದು ಎಂಗ್ರೇವಿಂಗ್. ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀಚಿ, ಆಸಿಡ್‌ನಲ್ಲಿ ಅದ್ದಿ ಗೆರೆ ತಿನ್ನಿಸುವುದು ಎಚಿಂಗ್. ರಾಳದ ಪುಡಿ ಉದುರಿಸಿ, ಬಿಸಿ ಮಾಡಿ ಅಂಟಿಸಿ, ಆಸಿಡ್‌ಗೆ ಬಿಟ್ಟರೆ ನುಣ್ಣನೆಯ ರವೆ ಚೆಲ್ಲಿದಂಥ ನೆರಳು ಬರುತ್ತದೆ. ಅದು ಅಕ್ವಾಟಿಂಟ್. ಒಂದೇ ತಗಡಿನಲ್ಲಿ ಮೂರೂ ಇರಬಹುದು. ಆಮೇಲೆ ಗೆರೆಗಳೊಳಗೆ ಶಾಯಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದ ಹಾಸಿ, ಎರಡು ಉರುಳೆಗಳ ನಡುವೆ ಒತ್ತಿ ತೆಗೆಯುತ್ತಿದ್ದರು. ಕಾಗದ ಆ ಗೆರೆಗಳೊಳಗೆ ಇಳಿದು ಶಾಯಿಯನ್ನು ಎತ್ತಿಕೊಳ್ಳುತ್ತಿತ್ತು. ಅಲ್ಲಿಗೆ ಸಿಕ್ಕಿದ್ದು ಕಪ್ಪು ಬಿಳುಪಿನ ಚಿತ್ರ. ಬಣ್ಣ ಬರುತ್ತಿದ್ದದ್ದು ಕೊನೆಗೆ, ಜಲವರ್ಣದಲ್ಲಿ, ಒಂದೊಂದು ಹಾಳೆಗೂ ಕೈಯಿಂದ.

ಬಣ್ಣ ಹಾಕುವವರು ಸಾಲಾಗಿ ಕೂರುತ್ತಿದ್ದರು. ಎದುರಿಗೆ ಒಂದು ಮಾದರಿ ಹಾಳೆ. ಒಬ್ಬರು ಒಂದು ಬಣ್ಣ ಹಾಕಿ ಪಕ್ಕದವರಿಗೆ ದಾಟಿಸುತ್ತಿದ್ದರು. ಇವರಲ್ಲಿ ಹೆಂಗಸರು, ಮಕ್ಕಳು ಜಾಸ್ತಿ. ಇವರ ಹೆಸರು ಹಾಳೆಯ ಮೇಲೆ ಬರುತ್ತಿರಲಿಲ್ಲ. ಆದರೆ ಇವರಿಲ್ಲದೆ ಕೆಲಸ ಹೇಗೆ ನಿಲ್ಲುತ್ತಿತ್ತು ಅನ್ನುವುದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಜಾನ್ ಜೇಮ್ಸ್ ಆಡುಬಾನ್ ತನ್ನ ಅಮೆರಿಕದ ಹಕ್ಕಿಗಳ ಚಿತ್ರಗಳನ್ನು ಹೊತ್ತುಕೊಂಡು 1826ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋದ. ಅಲ್ಲಿ ವಿಲಿಯಂ ಹೋಮ್ ಲಿಜಾರ್ಸ್ ತಗಡು ಕೊರೆಯಲು ಒಪ್ಪಿದ. ಮೊದಲ ಹತ್ತು ಚಿತ್ರ ಅವನ ಅಂಗಡಿಯದ್ದೇ. 1827ರಲ್ಲಿ ಬಣ್ಣ ಹಾಕುವವರು ಮುಷ್ಕರ ಹೂಡಿದರು. ಕೆಲಸ ನಿಂತಿತು. ಆಡುಬಾನ್ ಲಂಡನ್‌ನ ರಾಬರ್ಟ್ ಹಾವೆಲ್ ಅಪ್ಪ ಮಗನ ಹತ್ತಿರ ಹೋದ. 1838ರ ಹೊತ್ತಿಗೆ ಒಟ್ಟು 435 ಚಿತ್ರ ಮುಗಿದವು. ಕಾಗದ ಸುಮಾರು ಒಂದು ಮೀಟರ್ ಉದ್ದ. ಹಕ್ಕಿಗಳೆಲ್ಲ ನಿಜಗಾತ್ರದವು.

ಇಷ್ಟು ಸಾಕು. ಈಗ ನಿಮ್ಮ ಹಾಳೆಗೆ ಬರೋಣ.

1. ಮೇಜು ಖಾಲಿ ಮಾಡಿ, ಕೈ ತೊಳೆದು ಒರೆಸಿಕೊಳ್ಳಿ

ಕಾಫಿ ಲೋಟ, ಪೆನ್ನು, ಫ್ಯಾನು ಯಾವುದೂ ಬೇಡ. ಬಟ್ಟೆಯ ಗ್ಲೌಸ್ ಹಾಕಿಕೊಂಡರೆ ಬೆರಳಿಗೆ ಕಾಗದದ ಅಂಚು ಗೊತ್ತಾಗುವುದಿಲ್ಲ, ಹರಿಯುತ್ತದೆ. ಒಣಗಿದ ಬರಿಗೈಯೇ ವಾಸಿ. ಎತ್ತುವಾಗ ಎರಡೂ ಕೈಯಲ್ಲಿ, ಎದುರುಬದುರು ಮೂಲೆ ಹಿಡಿದು ಎತ್ತಿ. ಕೆಳಗೆ ಒಂದು ಬಿಳಿ ಹಾಳೆ ಹಾಸಿ.

2. ಟಾರ್ಚನ್ನು ಮಲಗಿಸಿ ಬೆಳಕು ಬಿಡಿ

ಲೈಟು ಆರಿಸಿ. ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಟ್ಟು ಹಾಳೆಯ ಮೇಲೆ ಓರೆಯಾಗಿ ಬೆಳಕು ಬಿಡಿ. ಚಿತ್ರದ ಸುತ್ತ ಒಂದು ಚೌಕ ತಗ್ಗಿದ ಗುರುತು ಕಾಣಬೇಕು. ತಗಡಿನ ಅಂಚು ಕಾಗದವನ್ನು ಒತ್ತಿದ ಗುರುತು ಅದು. ಪ್ಲೇಟ್‌ಮಾರ್ಕ್ ಅನ್ನುತ್ತಾರೆ. ಗೆರೆಗಳ ಮೇಲೂ ಬೆಳಕು ಹಾಯಿಸಿ. ದಪ್ಪ ಗೆರೆಗಳಲ್ಲಿ ಶಾಯಿ ಕಾಗದದಿಂದ ಒಂಚೂರು ಎದ್ದು ನಿಂತಿರುತ್ತದೆ, ಒಣಗಿದ ರಂಗೋಲಿ ಎಳೆಯ ಹಾಗೆ. ಆಫ್‌ಸೆಟ್ ಮುದ್ರಣದಲ್ಲಿ ಇದು ಬರುವುದಿಲ್ಲ.

ಗುರುತು ಇಲ್ಲ ಅಂದ ಮಾತ್ರಕ್ಕೆ ನಕಲಿ ಅಂತ ತಳ್ಳಿಹಾಕಬೇಡಿ. ಸಣ್ಣ ಪುಸ್ತಕಗಳಲ್ಲಿ ತಗಡು ಹಾಳೆಗಿಂತ ದೊಡ್ಡದಿರುತ್ತಿತ್ತು. ಬೈಂಡ್ ಮಾಡುವಾಗ ಅಂಚು ಕತ್ತರಿಸಿ ಗುರುತು ಹೋಗಿರುತ್ತದೆ. ಹಾಗೆಯೇ ಗುರುತು ಇದೆ ಅಂದ ಮಾತ್ರಕ್ಕೆ ನಂಬಲೂ ಬೇಡಿ. ಮರುಮುದ್ರಣಕ್ಕೆ ಸುಳ್ಳು ಗುರುತು ಒತ್ತುವವರಿದ್ದಾರೆ. ಮುಂದಿನ ಹೆಜ್ಜೆ ಅದಕ್ಕೇ.

3. ಭೂತಕನ್ನಡಿ ಹಿಡಿಯಿರಿ

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ, ಅಕ್ಕಸಾಲಿಗರು ಬಳಸುವಂಥ ಮಸೂರ ಬೇಕು. ಮೊದಲು ತಿಳಿ ಬಣ್ಣ ಇರುವ ಜಾಗ ನೋಡಿ. ಹಿನ್ನೆಲೆಯ ಆಕಾಶವೋ ನೀರೋ ಆದರೆ ಒಳ್ಳೆಯದು. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಹೂವಿನಾಕಾರದಲ್ಲಿ ಸಾಲಾಗಿ ಕಂಡರೆ ವಿಚಾರಣೆ ಮುಗಿಯಿತು. ಅದು ಯಂತ್ರದ ಬಣ್ಣ. ಹಣ ಕೊಡಬೇಡಿ.

ಚುಕ್ಕೆ ಇಲ್ಲವಾದರೆ ಗೆರೆಯ ತುದಿ ನೋಡಿ. ಉಳಿಯಿಂದ ಕೊರೆದ ಗೆರೆ ತೆಳುವಾಗಿ ಶುರುವಾಗಿ, ನಡುವೆ ಉಬ್ಬಿ, ಮತ್ತೆ ಚೂಪಾಗಿ ಮುಗಿಯುತ್ತದೆ. ಆಸಿಡ್ ತಿಂದ ಗೆರೆಯ ತುದಿ ಮೊಂಡು. ಲಿಥೋಗ್ರಾಫ್ ಆದರೆ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ಹಾಕಿದ್ದಾದರೆ, ಗೆರೆ ಬಳಪದಲ್ಲಿ ಎಳೆದಂತೆ ಬಿಟ್ಟು ಬಿಟ್ಟು ಕಾಣುತ್ತದೆ. ಲಿಥೋಗ್ರಾಫ್ ಕಡಿಮೆಯದ್ದು ಅಂತ ಅಲ್ಲ. ಎಷ್ಟೋ ಒಳ್ಳೆಯ ಹಕ್ಕಿ ಪುಸ್ತಕಗಳು ಹಾಗೇ ಬಂದಿವೆ, ಅವಕ್ಕೂ ಕೈಯಿಂದಲೇ ಬಣ್ಣ ಹಾಕಿದ್ದಾರೆ. ಆದರೆ ಎಂಗ್ರೇವಿಂಗ್ ಅಂತ ಹೇಳಿ ಅದನ್ನು ಮಾರಬಾರದು.

ನನ್ನ ಹತ್ತಿರ ಒಂದು ಸಣ್ಣ ಹಾಳೆ ಇದೆ, ಅಂಗೈಗಿಂತ ಸ್ವಲ್ಪ ದೊಡ್ಡದು. ಗೊರವದ ಜಾತಿಯ ಹಕ್ಕಿ ಕಲ್ಲಿನ ಮೇಲೆ ನಿಂತಿದೆ. ಮಸೂರದಲ್ಲಿ ಅದರ ಕಾಲು ನೋಡಿದಾಗ ಗೊತ್ತಾಯಿತು, ಹಸಿರು ಮಿಶ್ರಿತ ಬೂದು ಬಣ್ಣ ಗೆರೆಯಿಂದ ಕೂದಲೆಳೆಯಷ್ಟು ಆಚೆ ಹೋಗಿದೆ. ಬಣ್ಣ ನಿಂತ ಕಡೆ ಅಂಚು ಸ್ವಲ್ಪ ಗಾಢ. ಒದ್ದೆ ಕುಂಚ ಎತ್ತಿದಾಗ ನೀರು ಅಲ್ಲಿ ಒಣಗಿದೆ. ಕಣ್ಣಿನಲ್ಲಿ ಒಂದು ಹನಿ ಹೊಳಪು. ಬಣ್ಣ ಒಣಗಿದ ಮೇಲೆ ಗೋಂದಿನ ನೀರು ಮುಟ್ಟಿಸುವ ರೂಢಿ ಇತ್ತು, ಕಣ್ಣಿಗೆ ಜೀವ ಬರಲಿ ಅಂತ. ಹಾಳೆಯನ್ನು ಆಚೀಚೆ ವಾಲಿಸಿದರೆ ಆ ಹನಿ ಈಗಲೂ ಮಿಂಚುತ್ತದೆ. ಯಾರ ಕೈಯೋ ಏನೋ. ಆ ಕುಂಚ ಕಣ್ಣಿನ ಮೇಲೆ ಒಂದು ಕ್ಷಣ ನಿಂತಿದೆ.

ಈ ಹಾಳೆ ಸ್ಕಾಟ್ಲೆಂಡಿನ ನಿಸರ್ಗತಜ್ಞ ಸರ್ ವಿಲಿಯಂ ಜಾರ್ಡಿನ್ 1833ರಿಂದ 1843ರವರೆಗೆ ತಂದ 40 ಸಂಪುಟಗಳ ಮಾಲೆಯದ್ದು. ಸಾಮಾನ್ಯ ಓದುಗರಿಗೆ ಎಟಕುವ ಬೆಲೆಯ ಪುಟ್ಟ ಪುಸ್ತಕಗಳು. ಕೊರೆದವನು ಯಾರು ಗೊತ್ತಾ? ಆಡುಬಾನ್ ಬಿಟ್ಟುಹೋದ ಅದೇ ಲಿಜಾರ್ಸ್. ಜಾರ್ಡಿನ್ ಅವನ ತಂಗಿಯ ಗಂಡ. ಈ ಮಾಲೆಯ ಬಹಳಷ್ಟು ಚಿತ್ರಗಳಲ್ಲಿ ಹಕ್ಕಿಗೆ ಮಾತ್ರ ಬಣ್ಣ, ಹಿಂದಿನ ಬಂಡೆ, ಹುಲ್ಲು, ನೀರೆಲ್ಲ ಕಪ್ಪು ಬಿಳುಪು. ಅದನ್ನು ನೋಡಿ ಕೆಲಸ ಅರ್ಧಕ್ಕೇ ನಿಂತಿದೆ ಅಂದುಕೊಳ್ಳಬೇಡಿ. ಅದೇ ಅದರ ರೀತಿ. ಹಿನ್ನೆಲೆಗೂ ಬಣ್ಣ ತುಂಬಿದ್ದರೆ ಅದೇ ಅನುಮಾನಕ್ಕೆ ಕಾರಣ. ಮೊದಲ ಬಾರಿ ಕೊಳ್ಳುವವರಿಗೆ ನಾನು ಹೇಳುವುದೂ ಇಂಥ ಸಣ್ಣ ಹಾಳೆಯನ್ನೇ. ಹಾವೆಲ್ ಅಚ್ಚಿನ ಆಡುಬಾನ್ ಹಾಳೆ ಲಕ್ಷಗಟ್ಟಲೆ ರೂಪಾಯಿಯ ಮಾತು.

4. ಅಂಚಿನ ಅಕ್ಷರ ಓದಿ

ಚಿತ್ರದ ಕೆಳಗೆ ಸಾಸಿವೆಯಷ್ಟು ಸಣ್ಣ ಅಕ್ಷರ ಇರುತ್ತದೆ. ಲ್ಯಾಟಿನ್ ಪದಗಳ ತುಂಡುಗಳು. ಹೆಸರಿನ ಮುಂದೆ 'ಡೆಲ್' ಅಂತಿದ್ದರೆ ಚಿತ್ರ ಬರೆದವನು. 'ಪಿಂಕ್ಸ್' ಅಂತಿದ್ದರೆ ಬಣ್ಣದಲ್ಲಿ ಬರೆದವನು. 'ಎಸ್‌ಸಿ' ಅಥವಾ 'ಸ್ಕಲ್ಪ್' ಇದ್ದರೆ ತಗಡು ಕೊರೆದವನು. 'ಲಿತ್' ಇದ್ದರೆ ಅದು ಕಲ್ಲಚ್ಚು. ಸಾಮಾನ್ಯವಾಗಿ ಬರೆದವನು ಎಡಕ್ಕೆ, ಕೊರೆದವನು ಬಲಕ್ಕೆ.

ಆಡುಬಾನ್ ಹಾಳೆಗಳಿಗೆ ಒಂದು ಸುಲಭದ ಲೆಕ್ಕ ಇದೆ. ಐದೈದು ಚಿತ್ರದ ಕಂತುಗಳಲ್ಲಿ ಅವು ಬಂದವು, ಒಟ್ಟು 87 ಕಂತು. ಮೇಲೆ ಎಡಗಡೆ ಕಂತಿನ ಸಂಖ್ಯೆ, ಬಲಗಡೆ ಚಿತ್ರದ ಸಂಖ್ಯೆ, ಅದು ಹೆಚ್ಚಾಗಿ ರೋಮನ್ ಅಂಕಿಯಲ್ಲಿ. ಉದಾಹರಣೆಗೆ ಉದ್ದ ಕೊಕ್ಕಿನ ಕರ್ಲ್ಯೂ ಹಕ್ಕಿಯ ಚಿತ್ರ 231ನೆಯದು. ಐದರಿಂದ ಭಾಗಿಸಿದರೆ 46 ಕಂತು ಮುಗಿದು ಒಂದು ಮಿಕ್ಕುತ್ತದೆ. ಅಂದರೆ ಎಡಗಡೆ 47 ಇರಬೇಕು. ಎರಡೂ ತಾಳೆಯಾಗದಿದ್ದರೆ ಎಲ್ಲೋ ಎಡವಟ್ಟಿದೆ. ಕೆಳಗೆ ಬಲಕ್ಕೆ ಹಾವೆಲ್ ಹೆಸರು ಮತ್ತು 1834 ಅಂತ ವರ್ಷ.

5. ಕಾಗದವನ್ನು ಬೆಳಕಿಗೆ ಹಿಡಿಯಿರಿ, ಬೆನ್ನು ತಿರುಗಿಸಿ ನೋಡಿ

ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿದರೆ ಕಾಗದದೊಳಗಿನ ವಾಟರ್‌ಮಾರ್ಕ್ ಕಾಣುತ್ತದೆ. ಹಾವೆಲ್ ಬಳಸಿದ್ದು ಇಂಗ್ಲೆಂಡಿನ ವಾಟ್‌ಮನ್ ಕಾಗದ. ಅದರಲ್ಲಿ ಹೆಸರಿನ ಜೊತೆ ವರ್ಷವೂ ಇರುತ್ತದೆ. ಆ ವರ್ಷ 1838ಕ್ಕಿಂತ ಆಚೆಗಿದ್ದರೆ ಹಾವೆಲ್ ಅಂಗಡಿಯ ಹಾಳೆ ಅಂತ ಒಪ್ಪಿಕೊಳ್ಳಬೇಡಿ. 1970ರ ದಶಕದ ಆರಂಭದಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 250 ಪ್ರತಿಗಳ ಮರುಮುದ್ರಣ ಬಂತು, ಅದೇ ಗಾತ್ರದಲ್ಲಿ, ಬಹಳ ಚೆಂದವಾಗಿ. ಅದರ ಕಾಗದಕ್ಕೆ ಬೇರೆಯದೇ ವಾಟರ್‌ಮಾರ್ಕ್ ಇದೆ. ಅದು ಮರುಮುದ್ರಣ ಅಂತ ಗೊತ್ತಿದ್ದೇ ಖರೀದಿಸಿದರೆ ತಪ್ಪೇನಿಲ್ಲ.

ನೋಟು ಪರೀಕ್ಷಿಸುವ ನೇರಳೆ ಟಾರ್ಚು ಇದ್ದರೆ ಕತ್ತಲಲ್ಲಿ ಹಾಳೆಯ ಮೇಲೆ ಬಿಡಿ. ಕಾಗದ ತೊಳೆದ ಬಿಳಿ ಶರ್ಟಿನ ಹಾಗೆ ನೀಲಿಯಾಗಿ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ. ಅಂಥ ಕಾಗದ ಬಂದದ್ದೇ ಸುಮಾರು 1950ರ ನಂತರ.

ಇನ್ನು ಬೆನ್ನು. ಹಳೆಯ ಅಂಟು, ಪೆನ್ಸಿಲ್ ಬರಹ, ತೇಪೆ, ಹುಳದ ತೂತು, ಎಲ್ಲವೂ ಅಲ್ಲೇ ಸಿಗುತ್ತವೆ. ಫ್ರೇಮ್ ಹಾಕಿದ ಚಿತ್ರವನ್ನು ಬಿಚ್ಚಿ ತೋರಿಸಲು ಒಪ್ಪದವರ ಹತ್ತಿರ ಕೊಳ್ಳಬೇಡಿ. ಎಷ್ಟೇ ಕಡಿಮೆ ಹೇಳಲಿ.

6. ಬಣ್ಣ ಆ ಕಾಲದ್ದೋ, ಆಮೇಲಿನದ್ದೋ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಹಳೆಯ ಪುಸ್ತಕಗಳ ಕಪ್ಪು ಬಿಳುಪಿನ ಹಾಳೆ ಬಿಡಿಸಿ, ಮೊನ್ನೆ ಮೊನ್ನೆ ಬಣ್ಣ ಹಾಕಿ ಮಾರುವುದುಂಟು. ಗೆರೆ ಹಳೆಯದು, ಕಾಗದ ಹಳೆಯದು, ಬಣ್ಣ ಮಾತ್ರ ಹೊಸದು. ಟಾರ್ಚು, ಮಸೂರ ಎರಡಕ್ಕೂ ಇದು ಸುಲಭವಾಗಿ ಸಿಗುವುದಿಲ್ಲ.

ಕಡಲ ಹಕ್ಕಿಗಳಲ್ಲಿ ಒಂದು ಅನುಕೂಲ ಇದೆ. ಅವುಗಳ ಹೊಟ್ಟೆ ಸಾಮಾನ್ಯವಾಗಿ ಬಿಳಿ. ಹಳೆಯ ಕೆಲಸದಲ್ಲಿ ಬಿಳಿಗೆ ಬಣ್ಣ ಹಾಕುವ ಬದಲು ಕಾಗದವನ್ನೇ ಬಿಡುತ್ತಿದ್ದದ್ದು ಜಾಸ್ತಿ. ಹಾಗಾಗಿ ಕಾಗದಕ್ಕೆ ವಯಸ್ಸಾದಂತೆ ಹಕ್ಕಿಯ ಹೊಟ್ಟೆಗೂ ವಯಸ್ಸಾಗುತ್ತದೆ. ಅಂಚೆಲ್ಲ ಚಹಾ ಬಣ್ಣಕ್ಕೆ ತಿರುಗಿ, ಹೊಟ್ಟೆ ಮಾತ್ರ ಹೊಸ ಪಂಚೆಯಂತೆ ಬೆಳ್ಳಗಿದ್ದರೆ ಯೋಚಿಸಿ. ಅಲ್ಲಿ ಯಾರೋ ಬಿಳಿ ಬಳಿದಿದ್ದಾರೆ. ಹಳೆಯವರು ಬಿಳಿ ಬಳಸಿದ ಕಡೆ, ಕಣ್ಣಿನ ಚುಕ್ಕೆಯಲ್ಲೋ ಅಲೆಯ ನೊರೆಯಲ್ಲೋ, ಅದು ಬೂದು ಬಣ್ಣವಾಗಿಯೋ ಕಪ್ಪಾಗಿಯೋ ಇರಬಹುದು. ಅದು ಸೀಸದ ಬಿಳುಪು. ಗಾಳಿಯ ಗಂಧಕದ ಅಂಶ ಸೇರಿ ಕಪ್ಪಾಗುತ್ತದೆ. ಕೊಳೆ ಅಂದುಕೊಂಡು ಒರೆಸಬೇಡಿ.

ತಾಮ್ರದ ಹಸಿರು ಕಾಗದವನ್ನೇ ತಿನ್ನುತ್ತದೆ. ಹಾಳೆ ತಿರುಗಿಸಿದರೆ ಹುಲ್ಲು ಬಿಡಿಸಿದ ಕಡೆ ಬೆನ್ನಿನಲ್ಲಿ ಕಂದು ನೆರಳು ಕಾಣುತ್ತದೆ. ಅಂಥದ್ದು ಹಳೆಯ ಬಣ್ಣದ ಗುರುತು. ಹಳದಿಗೆ ಗ್ಯಾಂಬೋಜ್ ಬಳಸುತ್ತಿದ್ದರು, ಅದೊಂದು ಮರದ ಅಂಟು. ನಮ್ಮ ಘಟ್ಟದ ಮುರುಗಲು, ಉಪ್ಪಾಗೆ ಮರಗಳ ಕುಲದ್ದೇ ಮರ. ಆ ಹಳದಿಯೂ, ಹುಳದಿಂದ ತೆಗೆದ ಕಾರ್ಮೈನ್ ಕೆಂಪೂ ಬಿಸಿಲಿಗೆ ಮಾಸುತ್ತವೆ. ಹಾಗಾಗಿ ಇನ್ನೂರು ವರ್ಷದ ಹಾಳೆಯಲ್ಲಿ ಎಲ್ಲ ಬಣ್ಣವೂ ಒಂದೇ ಸಮ ತಾಜಾ ಇದ್ದರೆ ಎರಡೇ ಕಾರಣ. ಇಷ್ಟು ದಿನ ಪುಸ್ತಕದೊಳಗೆ ಮುಚ್ಚಿತ್ತು, ಇಲ್ಲವೇ ಬಣ್ಣ ಹೊಸದು.

ಒಂದು ಉಪಾಯ ಹೇಳುತ್ತೇನೆ. ಆಡುಬಾನ್‌ನ 435 ಚಿತ್ರಗಳನ್ನೂ ಅಮೆರಿಕದ ನ್ಯಾಷನಲ್ ಆಡುಬಾನ್ ಸೊಸೈಟಿ ತನ್ನ ಜಾಲತಾಣದಲ್ಲಿ ಇಟ್ಟಿದೆ. ದೊಡ್ಡ ಗಾತ್ರದಲ್ಲಿ, ಪುಕ್ಕಟೆ. ಇಳಿಸಿಕೊಂಡು, ಪರದೆಯ ಮೇಲೆ ದೊಡ್ಡದು ಮಾಡಿ ದಿನಾ ಹತ್ತು ನಿಮಿಷ ನೋಡಿ. ಒಂದು ತಿಂಗಳಲ್ಲಿ ಕಣ್ಣು ಪಳಗುತ್ತದೆ. ಏನೂ ಕೊಳ್ಳದಿದ್ದರೂ ಪರವಾಗಿಲ್ಲ, ಇಷ್ಟು ಮಾಡಿ.

7. ಫ್ರೇಮ್ ಹಾಕಿಸುವ ಮುನ್ನ ಬರೆದುಕೊಡಿ

ನನ್ನ ಮೊದಲ ಹಾಳೆ ಹಾಳಾದದ್ದು ಇಲ್ಲೇ. ಫ್ರೇಮ್ ಅಂಗಡಿಗೆ ಕೊಟ್ಟು ಬಂದೆ, ವಾರ ಬಿಟ್ಟು ಹೋದೆ. ಅಂಚು ಅಳತೆಗೆ ಸರಿಯಾಗಿ ಕತ್ತರಿಸಿದ್ದರು. ಕೊರೆದವನ ಹೆಸರು, ಪ್ಲೇಟ್‌ಮಾರ್ಕ್ ಎರಡೂ ಆ ಕತ್ತರಿಸಿದ ತುಂಡಿನಲ್ಲಿ ಹೋಗಿದ್ದವು. ಮಿಕ್ಕ ಚಿತ್ರವನ್ನು ಹಾರ್ಡ್‌ಬೋರ್ಡಿಗೆ ಫೆವಿಕಾಲ್ ಹಾಕಿ ಅಂಟಿಸಿದ್ದರು. ಸುಕ್ಕಿಲ್ಲದೆ ನೀಟಾಗಿ ಕೂರಲಿ ಅಂತಲೇ ಮಾಡಿದ್ದು. ಕಸದ ಬುಟ್ಟಿ ಹುಡುಕಿದೆ, ಆ ತುಂಡು ಸಿಗಲಿಲ್ಲ. ಅವತ್ತಿನ ಸಂಕಟ ಈಗಲೂ ಮರೆತಿಲ್ಲ.

ಹಾಗಾಗಿ ಬಾಯಲ್ಲಿ ಹೇಳಿದರೆ ಸಾಲದು, ಚೀಟಿಯಲ್ಲಿ ಬರೆದು ಕೊಡಿ. ಅಂಚು ಕತ್ತರಿಸಬಾರದು. ಯಾವುದಕ್ಕೂ ಪೂರ್ತಿ ಅಂಟಿಸಬಾರದು. ಲ್ಯಾಮಿನೇಷನ್ ಬೇಡ, ಸೆಲೋಟೇಪ್ ಬೇಡ. ಬೈಂಡಿಂಗಿನವರು ಬಳಸುವ ಮೈಲುತುತ್ತ ಬೆರೆಸಿದ ಮೈದಾ ಗೋಂದೂ ಬೇಡ. ಹಾಳೆಯ ಮೇಲಂಚಿಗೆ ಮಾತ್ರ ಎರಡು ಚಿಕ್ಕ ಪಟ್ಟಿ ಸಾಕು. ಜಪಾನಿ ಟಿಶ್ಯೂ ಕಾಗದ, ಗೋಧಿ ಪಿಷ್ಟದ ಸಾದಾ ಅಂಟು. ನೀರು ತಾಗಿದರೆ ಬಿಡುವಂಥದ್ದು. ಮುಂದೆ ಯಾರಾದರೂ ತೆಗೆಯಬೇಕೆಂದರೆ ತೆಗೆಯಲು ಬರಬೇಕು. ಮುಂದೆ, ಹಿಂದೆ ಆಸಿಡ್ ಇಲ್ಲದ ಮೌಂಟ್‌ಬೋರ್ಡ್. ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಜಾಗ ಇರಬೇಕು. ಇಲ್ಲದಿದ್ದರೆ ಮಳೆಗಾಲದ ಪಸೆ ಗಾಜಿನೊಳಗೆ ಕೂತು ಬಣ್ಣವನ್ನು ಅಂಟಿಸಿಕೊಳ್ಳುತ್ತದೆ.

ಆಗಲೇ ಹೀಗೆ ಅಂಟಿದ ಹಾಳೆ ನಿಮ್ಮಲ್ಲಿದ್ದರೆ ನೀವೇ ಕೀಳಲು ಹೋಗಬೇಡಿ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ ಇದೆ. ಅಂಥವರನ್ನು ಕೇಳಿ.

8. ನಮ್ಮ ಮಳೆಗಾಲ ದಾಟಿಸುವುದು

ಇವು ಚಳಿದೇಶದ ಕಾಗದ. ಗಾಳಿಯ ತೇವ ನೂರಕ್ಕೆ 65 ದಾಟಿದರೆ ಬೂಷ್ಟು ಹಿಡಿಯುತ್ತದೆ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಷ್ಟು ಇದ್ದೇ ಇರುತ್ತದೆ. ತೇವ ತೋರಿಸುವ ಸಣ್ಣ ಮೀಟರ್ ಸಿಗುತ್ತದೆ, ಒಂದು ತಂದಿಡಿ. ಮಳೆ ಬಡಿಯುವ ಹೊರಗೋಡೆಗೆ ಚಿತ್ರ ತೂಗುಹಾಕಬೇಡಿ. ಒಳಗಿನ ಗೋಡೆಗೆ ಹಾಕಿದರೂ ಫ್ರೇಮಿನ ಹಿಂದೆ ಎರಡು ಬಿರಡೆ ತುಂಡು ಅಂಟಿಸಿ, ಗಾಳಿ ಆಡಲಿ. ಬಿಸಿಲಂತೂ ಬೇಡವೇ ಬೇಡ. ಮ್ಯೂಸಿಯಂಗಳಲ್ಲಿ ಇಂಥ ಚಿತ್ರಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬಿಡುವುದಿಲ್ಲ. ಸಂಜೆ ದೀಪದ ಮಂದ ಬೆಳಕಿನಷ್ಟು. ಒಮ್ಮೆ ಮಾಸಿದ ಬಣ್ಣ ಮತ್ತೆ ಬರುವುದಿಲ್ಲ.

ನಾನಂತೂ ಮೇ ಕೊನೆಗೆ ಗೋಡೆಯಿಂದ ಇಳಿಸಿ, ಬೋರ್ಡಿನ ನಡುವೆ ಇಟ್ಟು, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಹದಿನೈದು ದಿನಕ್ಕೊಮ್ಮೆ ತೆರೆದು ನೋಡುತ್ತೇನೆ. ನುಸಿಗುಳಿಗೆ, ಬೇವಿನೆಲೆ ಯಾವುದನ್ನೂ ಕಾಗದಕ್ಕೆ ತಾಗಿಸಿ ಇಡಬೇಡಿ, ಕಲೆ ಬೀಳುತ್ತದೆ. ಸಿಲ್ವರ್‌ಫಿಶ್ ಹುಳ ಬರುವುದು ಅಂಟು, ಪಿಷ್ಟದ ಆಸೆಗೆ. ಹಳೆಯ ರಟ್ಟು, ನ್ಯೂಸ್‌ಪೇಪರ್ ಹತ್ತಿರ ಇಡದಿದ್ದರೆ ಅರ್ಧ ಕಾಟ ತಪ್ಪುತ್ತದೆ.

9. ಈಗ ಹಕ್ಕಿ ನೋಡಿ

ಉದ್ದ ಕೊಕ್ಕಿನ ಕರ್ಲ್ಯೂ ಚಿತ್ರವನ್ನೇ ತೆಗೆದುಕೊಳ್ಳಿ. ಮುಂದೆ ಎರಡು ಹಕ್ಕಿ. ಹಿಂದೆ ನೀರಿನಾಚೆ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್ಟನ್ ಊರು, ತೆಳ್ಳನೆಯ ಗೆರೆಯ ಹಾಗೆ. ಆಡುಬಾನ್ ಅಲ್ಲಿಗೆ ಹೋದದ್ದು 1831ರಲ್ಲಿ. ಊರನ್ನು ಬರೆದವನು ಅವನ ಸಹಾಯಕ ಜಾರ್ಜ್ ಲೀಮನ್. ಹಕ್ಕಿ ಒಬ್ಬನ ಕೈಯದ್ದು, ಊರು ಇನ್ನೊಬ್ಬನದ್ದು, ತಗಡು ಮತ್ತೊಬ್ಬನದ್ದು, ಬಣ್ಣ ಹೆಸರಿಲ್ಲದವರದ್ದು. ಇಷ್ಟು ಹೊತ್ತು ಹಾಳೆ ನೋಡಿದ್ದರಿಂದ ಈಗ ಅದೆಲ್ಲ ಬೇರೆ ಬೇರೆಯಾಗಿ ಕಾಣುತ್ತದೆ.

ಅದೇ ಸಂಗ್ರಹದ 208ನೆಯ ಚಿತ್ರವನ್ನೂ ತೆರೆಯಿರಿ. ಎಸ್ಕಿಮೋ ಕರ್ಲ್ಯೂ. 1833ರ ಬೇಸಿಗೆಯಲ್ಲಿ ಈಗಿನ ಕೆನಡಾದ ಲ್ಯಾಬ್ರಡಾರ್ ಕರಾವಳಿಯಲ್ಲಿ ಆಡುಬಾನ್ ಇವುಗಳ ಹಿಂಡು ಹಿಂಡನ್ನೇ ಕಂಡ. ಚಿತ್ರದಲ್ಲಿ ಎರಡು ಹಕ್ಕಿ. ಹೆಣ್ಣು ಸತ್ತು ಅಂಗಾತ ಬಿದ್ದಿದೆ, ಗಂಡು ನಿಂತು ನೋಡುತ್ತಿದೆ. ಆಗ ಅದು ಅಪರೂಪದ ಹಕ್ಕಿಯೇನಲ್ಲ. ಮುಂದೆ ಮಾರುಕಟ್ಟೆಗೆಂದು ಬೇಟೆಗಾರರು ಹೊಡೆದು ಹೊಡೆದು ಮುಗಿಸಿದರು. ಕೊನೆಯ ಖಚಿತ ದಾಖಲೆ 1963ರದ್ದು, ಬಾರ್ಬಡೋಸ್‌ನಲ್ಲಿ ಗುಂಡಿಗೆ ಸಿಕ್ಕ ಒಂದು ಹಕ್ಕಿ. ಆ ಹಾಳೆಯಲ್ಲಿ ಬಿದ್ದಿರುವ ಹಕ್ಕಿಯ ರೆಕ್ಕೆಯ ಕೆಳಗಿನ ಕಂದು ಬಣ್ಣವನ್ನು ಪರದೆ ತುಂಬ ದೊಡ್ಡದು ಮಾಡಿ ನೋಡಿ. ಒಂದೊಂದು ಗರಿಗೂ ಬೇರೆ ಬೇರೆ ಗೆರೆ.

ಅದರ ದೊಡ್ಡ ಸಂಬಂಧಿ, ಯುರೇಷಿಯಾದ ಕರ್ಲ್ಯೂ, ಚಳಿಗಾಲದಲ್ಲಿ ನಮ್ಮ ಕರಾವಳಿಗೂ ಬರುತ್ತದೆ. ಡಿಸೆಂಬರ್ ಅಥವಾ ಜನವರಿಯಲ್ಲಿ ಕುಮಟಾ ಹತ್ತಿರದ ಅಘನಾಶಿನಿ ಅಳಿವೆಗೆ ಹೋಗಿ. ಇಳಿತದ ಹೊತ್ತು ನೋಡಿಕೊಂಡು, ಕೆಸರು ಬಯಲಾದಾಗ ಬೈನಾಕ್ಯುಲರ್ ಹಿಡಿದು ಕೂರಿ. ಫೋನಿನಲ್ಲಿ ಆ 231ನೆಯ ಚಿತ್ರ ಇರಲಿ. ಕೊಕ್ಕು ಕೆಸರಿನೊಳಗೆ ಬುಡದವರೆಗೆ ಇಳಿದು, ಏಡಿ ಹಿಡಿದು ಮೇಲೆ ಬರುವಾಗ ಅದರ ಬಾಗು ಎಲ್ಲಿಂದ ಶುರುವಾಗುತ್ತದೆ ಅಂತ ಗಮನಿಸಿ. ಆಮೇಲೆ ಹಾವೆಲ್ ಕೊರೆದ ಗೆರೆಯ ಮೇಲೆ ಬೆರಳಾಡಿಸಿ ನೋಡಿ.